ಗಯಾನಾ, ಬ್ರೆಜಿಲ್, ಅಮೆರಿಕದಲ್ಲಿ ತೈಲ ಉಕ್ಕುತ್ತಿದ್ದರೂ ನಮ್ಮ ಬಂಕ್‌ನಲ್ಲಿ ಡೀಸೆಲ್ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ನಾನು ದಾವಣಗೆರೆಯವನು. ಮೂರು ಲಾರಿಗಳಿವೆ. ಮೆಕ್ಕೆಜೋಳ, ಅಕ್ಕಿ, ಕೋಳಿ ಆಹಾರದ ಲೋಡು ಹಾಕಿಕೊಂಡು ಬೆಂಗಳೂರು, ಮಂಗಳೂರು, ನಾಮಕ್ಕಲ್ ಕಡೆ ಓಡಿಸುತ್ತೇವೆ. ಒಂದು ಲಾರಿ ತೀರಾ ಹಳೆಯದಾಗಿದೆ, ಬದಲಿಸಲೇಬೇಕು. ಮಗ ಹೇಳುತ್ತಾನೆ: "ಗಯಾನಾ, ಬ್ರೆಜಿಲ್, ಅಮೆರಿಕದಲ್ಲಿ ತೈಲ ಉಕ್ಕುತ್ತಿದೆ, ಅರಬ್ಬರ ಕಾಲ ಮುಗಿಯಿತು, ಇನ್ನೊಂದು ವರ್ಷದಲ್ಲಿ ಡೀಸೆಲ್ ಲೀಟರ್‌ಗೆ 20 ರೂಪಾಯಿಯಾದರೂ ಇಳಿಯುತ್ತದೆ, ಡೀಸೆಲ್ ಲಾರಿಯನ್ನೇ ತೆಗೆದುಕೊಳ್ಳೋಣ." ನಮ್ಮ ಸಂಘದ ಹಿರಿಯರೊಬ್ಬರು ಇದಕ್ಕೆ ಪೂರ್ತಿ ಉಲ್ಟಾ: "ನಲವತ್ತು ವರ್ಷದಲ್ಲಿ ಭೂಮಿಯಲ್ಲಿ ತೈಲವೇ ಇರುವುದಿಲ್ಲ, ಈಗಲೇ ಸಿಎನ್‌ಜಿಗೆ ಹೋಗು" ಎನ್ನುತ್ತಾರೆ. ಈ ನಡುವೆ ಕೋಳಿ ಆಹಾರದ ಕಂಪನಿಯೊಂದು ವರ್ಷಪೂರ್ತಿ ಒಂದೇ ಬಾಡಿಗೆ ದರಕ್ಕೆ ಕರಾರು ಮಾಡಿಕೊಳ್ಳೋಣ ಎಂದು ಕೇಳಿದೆ. ಡೀಸೆಲ್ ಇಳಿದರೆ ನನಗೆ ಲಾಭ, ಏರಿದರೆ ಮುಳುಗಿದೆ. ಹೊರಗಿನ ದೇಶಗಳಲ್ಲಿ ಇಷ್ಟೊಂದು ತೈಲ ಬರುತ್ತಿರುವುದು ನಿಜವಾದರೆ ನಮಗೇಕೆ ಅದು ತಟ್ಟುತ್ತಿಲ್ಲ? ಸಹಿ ಹಾಕಲೇ, ಬೇಡವೇ?

ಉತ್ತರ: ತೈಲ ಹೆಚ್ಚಾಗಿದೆ ಎನ್ನುವ ನಿಮ್ಮ ಮಗನ ಮಾತು ಸುಳ್ಳಲ್ಲ. ಆದರೆ ಅದರಿಂದ ಡೀಸೆಲ್ 20 ರೂಪಾಯಿ ಇಳಿಯುತ್ತದೆ ಎನ್ನುವ ತೀರ್ಮಾನ ತಪ್ಪು. ಹಿರಿಯರ ಭಯ ಬಹಳ ಹಳೆಯದು; ಅದಕ್ಕೂ ನಿಮ್ಮ ಲಾರಿಗೂ ಸಂಬಂಧವಿಲ್ಲ. ಇವೆರಡಕ್ಕಿಂತ ಅವಸರದ ವಿಷಯ ನಿಮ್ಮ ಪತ್ರದ ಕೊನೆಯಲ್ಲಿದೆ. ಒಂದೇ ದರದ ಕರಾರಿಗೆ ಈಗಿರುವ ರೂಪದಲ್ಲಿ ಸಹಿ ಹಾಕಬೇಡಿ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಂಸ್ಕರಣಾಗಾರಕ್ಕೆ ಯಾವ ದೇಶದ ಕಚ್ಚಾ ತೈಲ ತರಿಸಬೇಕು ಎಂದು ಲೆಕ್ಕ ಹಾಕುವ ಕೆಲಸದಲ್ಲಿ ನಾನು ಬಹುಕಾಲ ಇದ್ದವನು. ನಿಮ್ಮ ಮಗನ ಪ್ರಶ್ನೆಯನ್ನು ನಮ್ಮ ಕಚೇರಿಗೆ ಬಂದ ಪ್ರತಿಯೊಬ್ಬ ಹೊಸಬರೂ ಕೇಳುತ್ತಿದ್ದರು.

ಮೊದಲು ಹಿರಿಯರ ಮಾತು. ಗೊತ್ತಿರುವ ನಿಕ್ಷೇಪವನ್ನು ವರ್ಷದ ಬಳಕೆಯಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ, "ಇಷ್ಟು ವರ್ಷಕ್ಕೆ ಸಾಕು" ಎಂದು ಪತ್ರಿಕೆಗಳಲ್ಲಿ ಬರುವುದು ಅದೇ. 1980ರಲ್ಲಿ ಜಗತ್ತಿನ ನಿಕ್ಷೇಪ ಸುಮಾರು 68,000 ಕೋಟಿ ಬ್ಯಾರೆಲ್ ಎಂಬ ಅಂದಾಜಿತ್ತು. ಆಗಿನ ಬಳಕೆಗೆ ಅದು ಮೂವತ್ತು ವರ್ಷ ಸಾಲುತ್ತಿತ್ತು. ಅಂದರೆ 2010ರ ಹೊತ್ತಿಗೆ ತೈಲ ಮುಗಿಯಬೇಕಿತ್ತು. ಆದರೆ ನಲವತ್ತು ವರ್ಷ ತೆಗೆದು ಸುಟ್ಟ ಮೇಲೆ, 2020ರಲ್ಲಿ, ನಿಕ್ಷೇಪದ ಅಂದಾಜು 1.7 ಲಕ್ಷ ಕೋಟಿ ಬ್ಯಾರೆಲ್ ದಾಟಿತ್ತು. ಕೆನಡಾದ ಆಲ್ಬರ್ಟಾದ ತೈಲ ಮರಳು ಲೆಕ್ಕಕ್ಕೆ ಸೇರಿತು, ವೆನೆಜುವೆಲಾದ ಗಟ್ಟಿ ತೈಲ ಸೇರಿತು, ಆಳ ಸಮುದ್ರದಲ್ಲಿ ಕೊರೆಯುವುದನ್ನು ಜನ ಕಲಿತರು. ಕೆಲವು ದೇಶಗಳು ರಾಜಕೀಯ ಕಾರಣಕ್ಕೆ ತಮ್ಮ ನಿಕ್ಷೇಪವನ್ನು ಉಬ್ಬಿಸಿ ಹೇಳಿದ್ದೂ ಉಂಟು. ಅಷ್ಟನ್ನು ಕಳೆದರೂ ದಾಸ್ತಾನು ಹಿಗ್ಗಿದೆ. ನೆಲದಡಿ ಎಷ್ಟಿದೆ ಎನ್ನುವುದು ಯಾವ ಬೆಲೆ ಸಿಕ್ಕರೆ ಎಷ್ಟನ್ನು ಮೇಲೆತ್ತಬಹುದು ಎನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಆ ನಲವತ್ತು ವರ್ಷದ ಮಾತನ್ನು ಪಕ್ಕಕ್ಕಿಡಿ. ನಿಮ್ಮ ಹೊಸ ಲಾರಿಯ ಆಯುಷ್ಯದಲ್ಲಿ ತೈಲ ಮುಗಿಯುವುದಿಲ್ಲ.

ಈಗ ಮಗನ ಮಾತು. ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ ಸೇರಿ 1960ರ ಸೆಪ್ಟೆಂಬರ್‌ನಲ್ಲಿ ಬಾಗ್ದಾದ್‌ನಲ್ಲಿ ಒಪೆಕ್ ಎಂಬ ತೈಲ ರಫ್ತು ದೇಶಗಳ ಕೂಟ ಕಟ್ಟಿದವು. ಅರಬ್ ದೇಶಗಳು ಅಮೆರಿಕ ಮೊದಲಾದ ಕಡೆಗೆ ತೈಲ ಕೊಡುವುದನ್ನು ನಿಲ್ಲಿಸಿದ 1973ರ ಹೊತ್ತಿಗೆ ಜಗತ್ತಿನ ಕಚ್ಚಾ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕೂಟದ ಕೈಯಲ್ಲಿತ್ತು. ಆ ಪಾಲು ಈಗ ಬಹಳ ಕುಗ್ಗಿದೆ. ಕತಾರ್ 2019ರಲ್ಲಿ, ಈಕ್ವೆಡಾರ್ 2020ರಲ್ಲಿ, ಅಂಗೋಲಾ 2024ರಲ್ಲಿ ಕೂಟ ಬಿಟ್ಟವು. ಪಾಲು ಕುಗ್ಗುತ್ತಿದ್ದುದರಿಂದಲೇ, ಈ ದೇಶಗಳು ಬಿಡುವ ಮೊದಲೇ, 2016ರ ಕೊನೆಗೆ ರಷ್ಯಾ, ಕಜಕಿಸ್ತಾನ ಮೊದಲಾದ ದೇಶಗಳನ್ನು ಜೊತೆಗೆ ಸೇರಿಸಿಕೊಂಡು ಒಪೆಕ್ ಪ್ಲಸ್ ಎಂಬ ದೊಡ್ಡ ಕೂಟ ಮಾಡಿಕೊಂಡರು. ಇದೆಲ್ಲದರ ಹೊರಗೆ ನಿಂತು ಬೆಳೆದದ್ದು ಮುಖ್ಯವಾಗಿ ನಾಲ್ಕು ದೇಶ: ಅಮೆರಿಕ, ಕೆನಡಾ, ಬ್ರೆಜಿಲ್, ಗಯಾನಾ.

ಅಮೆರಿಕದ ಕಚ್ಚಾ ತೈಲ ಉತ್ಪಾದನೆ 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್‌ಗೆ ಇಳಿದಿತ್ತು. 2024ರಲ್ಲಿ ಅದು 1.3 ಕೋಟಿ ಬ್ಯಾರೆಲ್ ದಾಟಿತು. ಬೇರಾವ ದೇಶವೂ ಅಷ್ಟು ತೆಗೆದಿಲ್ಲ. ಬ್ರೆಜಿಲ್‌ನಲ್ಲಿ 2006ರಲ್ಲಿ ಸಾಂತೋಸ್ ಕಡಲಿನ ತುಪಿ ಎಂಬಲ್ಲಿ, ಸುಮಾರು ಎರಡು ಕಿಲೋಮೀಟರ್ ನೀರಿನ ಕೆಳಗೆ, ಅದರಷ್ಟೇ ದಪ್ಪದ ಉಪ್ಪಿನ ಪದರದ ಅಡಿಯಲ್ಲಿ ತೈಲ ಸಿಕ್ಕಿತು. ಇಂದು ಆ ದೇಶ ದಿನಕ್ಕೆ 30 ಲಕ್ಷ ಬ್ಯಾರೆಲ್‌ಗೂ ಮೇಲೆ ತೆಗೆಯುತ್ತದೆ. ಗಯಾನಾದ ಬೆಳವಣಿಗೆ ಇನ್ನೂ ವೇಗದ್ದು. ಜನಸಂಖ್ಯೆ ಎಂಟು ಲಕ್ಷದ ಆಸುಪಾಸು, ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು. 2015ರ ಮೇ ತಿಂಗಳಲ್ಲಿ ಕರಾವಳಿಯಿಂದ ಸುಮಾರು 190 ಕಿಲೋಮೀಟರ್ ದೂರದ ಲಿಜಾ ಎಂಬಲ್ಲಿ ತೈಲ ಕಂಡಿತು. ಐದು ವರ್ಷ ತುಂಬುವ ಮೊದಲೇ, 2019ರ ಡಿಸೆಂಬರ್‌ನಲ್ಲಿ, ಅದು ಮೇಲೆ ಬಂತು. ಅಲ್ಲಿ ತೈಲ ತೆಗೆಯುವುದು ಸಮುದ್ರದಲ್ಲಿ ಲಂಗರು ಹಾಕಿ ನಿಂತ ಭಾರಿ ಹಡಗುಗಳ ಮೇಲೆ. 2025ರ ಆಗಸ್ಟ್‌ನಲ್ಲಿ ನಾಲ್ಕನೆಯ ಹಡಗು ಕೆಲಸ ಶುರು ಮಾಡಿತು. ಅಲ್ಲಿನ ಕರಾರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸರ್ಕಾರಕ್ಕೆ ರಾಯಧನ ಬರಿಯ ಶೇ. 2. ತೈಲ ಮಾರಿದ ಹಣದಲ್ಲಿ ಶೇ. 75ರವರೆಗೂ ಕಂಪನಿಗಳು ತಮ್ಮ ಖರ್ಚಿಗೆಂದು ಹಿಡಿದುಕೊಳ್ಳಬಹುದು, ಉಳಿದ ಲಾಭ ಸಮಪಾಲು. ಅನುಭವವಿಲ್ಲದ ಸಣ್ಣ ದೇಶ ಬಲಾಢ್ಯರ ಎದುರು ಕುಳಿತು ಸಹಿ ಹಾಕಿದ ಕರಾರು ಅದು. ಅದನ್ನು ಓದಿದಾಗ ನನಗೆ ಸಂಕಟವಾಗಿತ್ತು.

ಹಾಗಾದರೆ ಈ ಪ್ರವಾಹ ಬೆಲೆಯನ್ನು ನೆಲಕ್ಕೆ ತಳ್ಳುವುದಿಲ್ಲವೇಕೆ? ಕಾರಣ ಅಮೆರಿಕದ ಶೇಲ್ ಬಾವಿಯ, ಅಂದರೆ ನೆಲದಡಿಯ ಗಟ್ಟಿ ಪದರಗಲ್ಲನ್ನು ಒಡೆದು ತೈಲ ತೆಗೆಯುವ ಬಾವಿಯ, ಗುಣದಲ್ಲೇ ಇದೆ. ಸೌದಿಯ ಘವಾರ್‌ನಂಥ ತೈಲಕ್ಷೇತ್ರ ದಶಕಗಟ್ಟಲೆ ಒಂದೇ ಸಮನೆ ಕೊಡುತ್ತದೆ. ಶೇಲ್ ಬಾವಿ ನಿಮ್ಮ ಭಾಗದ ಅಡಿಕೆ ತೋಟದ ಬೋರ್‌ವೆಲ್ ಇದ್ದಂತೆ: ಕೊರೆದ ದಿನ ಚಿಮ್ಮುತ್ತದೆ, ವರ್ಷ ಕಳೆಯುವುದರೊಳಗೆ ಬಡವಾಗುತ್ತದೆ, ಅದೇ ಫಸಲು ಉಳಿಸಿಕೊಳ್ಳಬೇಕಾದರೆ ಮತ್ತೊಂದು ಕೊರೆಸಬೇಕು. ಮೊದಲ ವರ್ಷದಲ್ಲೇ ಅಲ್ಲಿನ ಬಾವಿಯ ಹರಿವು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಕೊರೆಯುತ್ತಲೇ ಇರಲು ಹಣ ಬೇಕು. ಹೊಸ ಬಾವಿ ಕೊರೆದರೆ ನಷ್ಟವಾಗಬಾರದು ಎಂದರೆ ಬ್ಯಾರೆಲ್‌ಗೆ 60 ಡಾಲರ್‌ಗೂ ಮೇಲೆ ಸಿಗಬೇಕು ಎಂದು ಅಲ್ಲಿನ ಕಂಪನಿಗಳೇ ಹೇಳುತ್ತವೆ. ಬೆಲೆ ಅದಕ್ಕಿಂತ ಬಹಳ ಕೆಳಗೆ ನಿಂತರೆ ಕೊರೆಯುವ ಯಂತ್ರಗಳು ಮನೆಗೆ ಹೋಗುತ್ತವೆ. ಕೆಲವೇ ತಿಂಗಳಲ್ಲಿ ಉತ್ಪಾದನೆ ಕುಗ್ಗುತ್ತದೆ, ಬೆಲೆ ಮತ್ತೆ ಏರುತ್ತದೆ.

ಇದು ಎರಡು ಬಾರಿ ನಮ್ಮ ಕಣ್ಣೆದುರೇ ನಡೆದಿದೆ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 115 ಡಾಲರ್ ಇತ್ತು. ಶೇಲ್ ತೈಲ ಮಾರುಕಟ್ಟೆಗೆ ನುಗ್ಗಿತು. ಆ ನವೆಂಬರ್‌ನಲ್ಲಿ ವಿಯೆನ್ನಾದ ಸಭೆಯಲ್ಲಿ ಒಪೆಕ್ ಉತ್ಪಾದನೆ ಕಡಿತಕ್ಕೆ ಒಪ್ಪಲಿಲ್ಲ, ಪೈಪೋಟಿಗೇ ನಿಂತಿತು. 2016ರ ಜನವರಿಯಲ್ಲಿ ಬೆಲೆ 30 ಡಾಲರ್‌ಗಿಂತ ಕೆಳಗೆ ಬಿತ್ತು. ನೂರಕ್ಕೂ ಹೆಚ್ಚು ಅಮೆರಿಕನ್ ತೈಲ ಕಂಪನಿಗಳು ದಿವಾಳಿ ಅರ್ಜಿ ಹಾಕಿದವು, ಆ ದೇಶದ ಉತ್ಪಾದನೆ ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ಕುಸಿಯಿತು, ಬೆಲೆ ಏರತೊಡಗಿತು. ಎರಡನೆಯದು ಕೋವಿಡ್ ಕಾಲ. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಎಂಬ ತೈಲದ ವಾಯಿದೆ ಬೆಲೆ, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ಕಟ್ಟುವ ದರ, ಶೂನ್ಯಕ್ಕಿಂತ 37.63 ಡಾಲರ್ ಕೆಳಗೆ ಮುಗಿಯಿತು. ಇಟ್ಟುಕೊಳ್ಳಲು ಜಾಗವಿಲ್ಲದೆ, ತೈಲ ಒಯ್ಯುವವರಿಗೇ ಹಣ ಕೊಡುವ ಸ್ಥಿತಿ. ಮಾರ್ಚ್‌ನಿಂದ ಮೇ ತಿಂಗಳಿಗೆ ಅಮೆರಿಕದ ಉತ್ಪಾದನೆ ಸುಮಾರು ಕಾಲು ಭಾಗ ಇಳಿಯಿತು. ಎರಡೇ ವರ್ಷದ ಬಳಿಕ, ಉಕ್ರೇನ್ ಯುದ್ಧ ಶುರುವಾದ ಮರುತಿಂಗಳು, 2022ರ ಮಾರ್ಚ್‌ನಲ್ಲಿ, ಬೆಲೆ ಒಂದು ಹಂತದಲ್ಲಿ 139 ಡಾಲರ್ ಮುಟ್ಟಿತು.

ಕೂಟದ ಹೊರಗಿನ ತೈಲ ಹೀಗೆ ಬೆಲೆಗೆ ಒಂದು ಮೇಲ್ಮಿತಿ ಹಾಕುತ್ತದೆ. 2008ರ ಜುಲೈನಲ್ಲಿ 147 ಡಾಲರ್ ಮುಟ್ಟಿದ ಬೆಲೆ, ಅಮೆರಿಕ, ಬ್ರೆಜಿಲ್, ಗಯಾನಾಗಳ ತೈಲ ಬರದೇ ಇದ್ದಿದ್ದರೆ ಅಲ್ಲೇ ಬೇರು ಬಿಡುತ್ತಿತ್ತೇನೋ. ಆ ಮಟ್ಟಿಗೆ ಆ ತೈಲ ನಮ್ಮಂಥ ಆಮದು ದೇಶವನ್ನು ಕಾಪಾಡಿದೆ. ಅದಕ್ಕೆ ನಾವು ಋಣಿಗಳಾಗಿರಬೇಕು. ಆದರೆ ಅದೇ ತೈಲಕ್ಕೆ ಬದುಕಲು ಒಂದು ಕನಿಷ್ಠ ಬೆಲೆಯೂ ಬೇಕು. ಎರಡನ್ನೂ ಜೊತೆಗೇ ನೋಡಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಟೆಕ್ಸಸ್‌ನ ಖಾಸಗಿ ಕಂಪನಿಯಾಗಲಿ, ಗಯಾನಾದ ಹಡಗಾಗಲಿ, ತನ್ನಿಂದ ಆದಷ್ಟನ್ನೂ ದಿನವೂ ತೆಗೆದು ಮಾರುತ್ತದೆ. ಕಷ್ಟಕಾಲಕ್ಕೆಂದು ಯಾರೂ ಕೈಯಲ್ಲಿ ಇಟ್ಟುಕೊಂಡಿರುವುದಿಲ್ಲ. ಬೇಕೆಂದಾಗ ಕೆಲವೇ ವಾರಗಳಲ್ಲಿ ಉತ್ಪಾದನೆ ಏರಿಸುವಂಥ ಹೆಚ್ಚುವರಿ ಸಾಮರ್ಥ್ಯ ಇರುವುದು ಮುಖ್ಯವಾಗಿ ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ. ಪಾಲು ಕಡಿಮೆಯಾದರೂ ಒಪೆಕ್ ಹಿಡಿತ ಸಡಿಲವಾಗದಿರುವುದು ಇದರಿಂದ. 2025ರ ಏಪ್ರಿಲ್‌ನಿಂದ ಆ ಕೂಟ ಹಿಂದೆ ತಡೆಹಿಡಿದಿದ್ದ ತೈಲವನ್ನು ಹಂತಹಂತವಾಗಿ ಹೊರಬಿಟ್ಟಾಗ ಬೆಲೆ ಜಗ್ಗಿದ್ದನ್ನು ನೀವು ಗಮನಿಸಿರಬಹುದು. ಆಗಲೂ ಕೀಲಿಕೈ ಅವರ ಕೈಯಲ್ಲೇ ಇತ್ತು. ಆದ್ದರಿಂದ "ಅರಬ್ಬರ ಕಾಲ ಮುಗಿಯಿತು" ಎನ್ನುವ ಮಾತನ್ನು ನಿಮ್ಮ ಮಗ ಬಿಡುವುದು ಒಳ್ಳೆಯದು. ಮೇಲಾಗಿ ಆ ಹೆಚ್ಚುವರಿ ಸಾಮರ್ಥ್ಯದ ತೈಲ ಬಹುಪಾಲು ಹೊರಬರಬೇಕಾದದ್ದು ಹೋರ್ಮುಜ್ ಜಲಸಂಧಿಯ ಮೂಲಕ. ಜಗತ್ತು ಬಳಸುವ ತೈಲದಲ್ಲಿ ಸುಮಾರು ಐದನೇ ಒಂದು ಭಾಗ ಸಾಗುತ್ತಿದ್ದ ಕಿರಿದಾದ ದಾರಿ ಅದು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ನಡುವೆ ಹನ್ನೆರಡು ದಿನ ಯುದ್ಧ ನಡೆದಾಗ ಬ್ಯಾರೆಲ್ ಬೆಲೆ ದಿನ ಬೆಳಗಾಗುವುದರೊಳಗೆ ಜಿಗಿದದ್ದು ಆ ದಾರಿಯ ಮೇಲಿನ ಭಯದಿಂದ. ಗಯಾನಾ ಎಷ್ಟೇ ತೆಗೆದರೂ ಆ ಭಯ ಹೋಗುವುದಿಲ್ಲ.

ಪತ್ರಿಕೆಗಳಲ್ಲಿ ಬರುವ ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. "ಅಮೆರಿಕ ದಿನಕ್ಕೆ 2 ಕೋಟಿ ಬ್ಯಾರೆಲ್ ತೈಲ ಉತ್ಪಾದಿಸುತ್ತದೆ" ಎಂದು ಓದಿದರೆ, ಅದರಲ್ಲಿ ಕಚ್ಚಾ ತೈಲ 1.3 ಕೋಟಿ ಮಾತ್ರ. ಉಳಿದದ್ದರಲ್ಲಿ ಬಹುಪಾಲು ನೈಸರ್ಗಿಕ ಅನಿಲದ ಜೊತೆ ಬರುವ ಈಥೇನ್, ಪ್ರೊಪೇನ್, ಬ್ಯೂಟೇನ್. ಅದರಿಂದ ಪ್ಲಾಸ್ಟಿಕ್ ಆಗುತ್ತದೆ, ಅಡುಗೆ ಅನಿಲ ಆಗುತ್ತದೆ, ಡೀಸೆಲ್ ಆಗುವುದಿಲ್ಲ. ನಿಮ್ಮ ಮನೆಯ ಸಿಲಿಂಡರ್‌ಗೆ ಇದು ಒಳ್ಳೆಯ ಸುದ್ದಿಯೇ. ನಮ್ಮ ಸರ್ಕಾರಿ ತೈಲ ಕಂಪನಿಗಳು 2026ನೇ ಸಾಲಿಗೆ ಅಮೆರಿಕದಿಂದ ಸುಮಾರು 22 ಲಕ್ಷ ಟನ್ ಅಡುಗೆ ಅನಿಲ ತರಿಸಲು 2025ರ ನವೆಂಬರ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಲಾರಿ ಟ್ಯಾಂಕಿಗೆ ಅದರಿಂದ ಪ್ರಯೋಜನವಿಲ್ಲ.

ಕಚ್ಚಾ ತೈಲದಲ್ಲೂ ಎಲ್ಲವೂ ಒಂದೇ ಅಲ್ಲ. ನನ್ನ ಕೆಲಸದ ಅರ್ಧ ಭಾಗ ಇದನ್ನು ತೂಗಿ ನೋಡುವುದೇ ಆಗಿತ್ತು. ಶೇಲ್ ತೈಲ ಬಹಳ ಹಗುರ; ಕಾಯಿಸಿ ಬೇರ್ಪಡಿಸಿದರೆ ನಾಫ್ತಾ ಮತ್ತು ಪೆಟ್ರೋಲ್ ಭಾಗ ಹೆಚ್ಚು ಸಿಗುತ್ತದೆ, ಡೀಸೆಲ್ ಭಾಗ ಕಡಿಮೆ. ಕೊಲ್ಲಿ ದೇಶಗಳ ಮಧ್ಯಮ ತೂಕದ, ಗಂಧಕ ತುಂಬಿದ ತೈಲದಲ್ಲಿ ಡೀಸೆಲ್ ಭಾಗ ಹೆಚ್ಚು. ನಮ್ಮ ದೇಶ ಬಳಸುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಸುಮಾರು ಶೇ. 40 ಡೀಸೆಲ್ ಒಂದೇ. ಹಾಗಾಗಿ ನಮ್ಮ ಸಂಸ್ಕರಣಾಗಾರಗಳನ್ನು ಆ ಭಾರದ ತೈಲಕ್ಕೆ ಹೊಂದುವಂತೆ ಕಟ್ಟಿದ್ದಾರೆ. ಅಮೆರಿಕಕ್ಕೇ ಈ ತೊಡಕು ಇದೆ. ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಹಗುರ ತೈಲ ಹೊರಗೆ ಮಾರುವ ಆ ದೇಶ, ತನ್ನ ಹಳೆಯ ಸಂಸ್ಕರಣಾಗಾರಗಳಿಗೆಂದು 60 ಲಕ್ಷಕ್ಕೂ ಹೆಚ್ಚು ಬ್ಯಾರೆಲ್ ಭಾರದ ತೈಲವನ್ನು ಕೆನಡಾ ಮೊದಲಾದ ಕಡೆಗಳಿಂದ ಕೊಳ್ಳುತ್ತದೆ. ದೂರವೂ ಒಂದು ಖರ್ಚು. ಕೊಲ್ಲಿಯಿಂದ ಹೊರಟ ಹಡಗು ವಾರದೊಳಗೆ ಮಂಗಳೂರು ಸೇರಬಹುದು, ಅಮೆರಿಕದ ಕರಾವಳಿಯಿಂದ ಹೊರಟದ್ದಕ್ಕೆ ಒಂದು ತಿಂಗಳಿಗೂ ಹೆಚ್ಚು ಬೇಕು. ಅಷ್ಟು ದಿನ ಹಣ ಸಮುದ್ರದ ಮೇಲೆ ತೇಲುತ್ತಿರುತ್ತದೆ, ದಾರಿಯಲ್ಲಿ ಬೆಲೆ ಬಿದ್ದರೆ ಆ ನಷ್ಟವೂ ಕೊಂಡವರದೇ.

ಹೊಸ ತೈಲ ಎಷ್ಟು ಬಂದರೂ ಅದರಲ್ಲಿ ದೊಡ್ಡ ಪಾಲು ಹಳೆಯದು ಬತ್ತಿದ ಜಾಗ ತುಂಬುವುದಕ್ಕೇ ಹೋಗುತ್ತದೆ ಎಂಬುದೂ ನೆನಪಿರಲಿ. ಬ್ರಿಟನ್ನಿನ ಉತ್ತರ ಸಮುದ್ರದ ಉತ್ಪಾದನೆ 1999ರಲ್ಲಿ ಶಿಖರ ಮುಟ್ಟಿ ಇಳಿಯಿತು. ಮೆಕ್ಸಿಕೋದ ಕಾಂತರೆಲ್ 2004ರ ಸುಮಾರಿಗೆ ದಿನಕ್ಕೆ 20 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಕೊಡುತ್ತಿದ್ದ ಭಾರಿ ಕ್ಷೇತ್ರ; ಕೆಲವೇ ವರ್ಷಗಳಲ್ಲಿ ಬಡಕಲಾಯಿತು. ಹಣ ಹಾಕುವುದನ್ನು ಪೂರ್ತಿ ನಿಲ್ಲಿಸಿದರೆ ಜಗತ್ತು ಪ್ರತಿವರ್ಷ ಬ್ರೆಜಿಲ್ ಮತ್ತು ನಾರ್ವೆ ಎರಡರ ಒಟ್ಟು ಉತ್ಪಾದನೆಯಷ್ಟು ತೈಲ ಕಳೆದುಕೊಳ್ಳುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಅಂದಾಜು ಮಾಡಿದೆ.

ಬೇಡಿಕೆಯ ಕಡೆ ಬನ್ನಿ. ಜಗತ್ತು ದಿನಕ್ಕೆ 10 ಕೋಟಿ ಬ್ಯಾರೆಲ್‌ಗೂ ಸ್ವಲ್ಪ ಹೆಚ್ಚು ಬಳಸುತ್ತದೆ. ಯುರೋಪ್, ಜಪಾನ್‌ಗಳ ಬಳಕೆ ಇಳಿಮುಖವಾಗಿ ಬಹಳ ವರ್ಷಗಳಾದವು. ಇಪ್ಪತ್ತು ವರ್ಷ ಬೇಡಿಕೆಯನ್ನು ಎಳೆದೊಯ್ದ ಚೀನಾ ಈಗ ನಿಧಾನಿಸಿದೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಅರ್ಧದಷ್ಟು ವಿದ್ಯುತ್ ಅಥವಾ ಪ್ಲಗ್-ಇನ್ ಹೈಬ್ರಿಡ್. ಎಲ್‌ಎನ್‌ಜಿ ಅಂದರೆ ದ್ರವೀಕೃತ ಅನಿಲದಲ್ಲಿ ಓಡುವ ಭಾರಿ ಲಾರಿಗಳೂ ಅಲ್ಲಿ ಹೆಚ್ಚಿ ಡೀಸೆಲ್ ಬೇಡಿಕೆ ಕುಗ್ಗಿದೆ. ಬೇಡಿಕೆ ಇನ್ನೂ ಏರುತ್ತಿರುವ ದೊಡ್ಡ ದೇಶ ನಮ್ಮದು. 140 ಕೋಟಿ ಜನ ಸೇರಿ ದಿನಕ್ಕೆ ಸುಮಾರು 55 ಲಕ್ಷ ಬ್ಯಾರೆಲ್ ಬಳಸುತ್ತೇವೆ, 34 ಕೋಟಿ ಜನರ ಅಮೆರಿಕ 2 ಕೋಟಿ ಬ್ಯಾರೆಲ್. ನಮ್ಮಲ್ಲಿ ಬಳಕೆ ಏರಲು ಇನ್ನೂ ಎಷ್ಟು ಜಾಗವಿದೆ ಎಂದು ನೀವೇ ನೋಡಿ. ಅದರಲ್ಲೂ ಶೇ. 85ಕ್ಕಿಂತ ಹೆಚ್ಚು ಕಚ್ಚಾ ತೈಲ ಆಮದು.

ಆಮದು ಎಂದರೆ ಡಾಲರ್. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಈ ಲೆಕ್ಕದಲ್ಲಿ. ಒಂದು ಬ್ಯಾರೆಲ್ ಅಂದರೆ 159 ಲೀಟರ್. 2014ರಲ್ಲಿ ಡಾಲರ್‌ಗೆ 60 ರೂಪಾಯಿ ಇದ್ದಾಗ 100 ಡಾಲರ್‌ನ ಬ್ಯಾರೆಲ್ ನಮಗೆ 6,000 ರೂಪಾಯಿಗೆ ಬೀಳುತ್ತಿತ್ತು. 2025ರಲ್ಲಿ ಡಾಲರ್ 86 ರೂಪಾಯಿ ಆದಾಗ 70 ಡಾಲರ್‌ನ ಬ್ಯಾರೆಲ್ 6,020 ರೂಪಾಯಿಗೆ ಬಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ತೈಲ ಶೇ. 30ರಷ್ಟು ಅಗ್ಗವಾದರೂ ನಮ್ಮ ಬಂದರಿನಲ್ಲಿ ಅದೇ ದರ. ಗಯಾನಾ ಕೊಟ್ಟದ್ದನ್ನು ರೂಪಾಯಿ ಕಳೆದುಕೊಂಡಿತು.

ಅದರ ಮೇಲೆ ತೆರಿಗೆ. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ, ಮೇಲೆ ಹೇಳಿದ ಆ ದೊಡ್ಡ ಕುಸಿತದ ಕಾಲದಲ್ಲಿ, ಕೇಂದ್ರವು ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. ಡೀಸೆಲ್ ಮೇಲೆ ಒಟ್ಟು 13.47 ರೂಪಾಯಿ. 2020ರ ಮೇ ತಿಂಗಳಲ್ಲಿ ತೈಲ ಪಾತಾಳಕ್ಕೆ ಇಳಿದಾಗ ಒಂದೇ ರಾತ್ರಿಯಲ್ಲಿ ಡೀಸೆಲ್ ಮೇಲೆ 13 ರೂಪಾಯಿ, ಪೆಟ್ರೋಲ್ ಮೇಲೆ 10 ರೂಪಾಯಿ. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಒಂದಿಷ್ಟು ಇಳಿಸಿದ್ದೂ ಇದೆ. ರಾಜ್ಯದ ಮಾರಾಟ ತೆರಿಗೆ ಬೇರೆ: 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಡೀಸೆಲ್ ಮೇಲೆ ಶೇ. 21.17. ಸರ್ಕಾರಗಳಿಗೆ ಈ ಹಣ ಬೇಕು. ರಸ್ತೆ, ಅನುದಾನ, ಸಂಬಳ ಎಲ್ಲಕ್ಕೂ ಅದು ಆಧಾರ. ಅದು ಸರಿಯೋ ತಪ್ಪೋ ಎನ್ನುವ ಚರ್ಚೆ ಬೇರೆ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಇಷ್ಟು: ತೈಲ ಬಹಳ ಇಳಿದಾಗ ಆ ಇಳಿಕೆ ಬಂಕ್‌ಗೆ ಬರುವ ಮೊದಲೇ ತೆರಿಗೆ ಏರಿದ ಚರಿತ್ರೆ ನಮ್ಮಲ್ಲಿ ಇದೆ. ಡೀಸೆಲ್ ದರ ನಿಯಂತ್ರಣ 2014ರ ಅಕ್ಟೋಬರ್‌ನಲ್ಲಿ ಹೋಯಿತು, 2017ರ ಜೂನ್‌ನಿಂದ ದಿನನಿತ್ಯ ಪರಿಷ್ಕರಣೆ ಬಂತು. ಆದರೂ 2022ರ ಏಪ್ರಿಲ್‌ನಲ್ಲಿ ಕಂಪನಿಗಳು ಆ ಪರಿಷ್ಕರಣೆ ನಿಲ್ಲಿಸಿದವು. ತೈಲ ದುಬಾರಿಯಿದ್ದಾಗ ನಷ್ಟ ಹೊತ್ತು, ಅಗ್ಗವಾದಾಗ ಅದನ್ನು ಮತ್ತು ಅದಕ್ಕಿಂತ ಹೆಚ್ಚನ್ನು ತುಂಬಿಕೊಂಡವು.

ಈಗ ನಿಮ್ಮ ಮಗನ 20 ರೂಪಾಯಿಯನ್ನು ಪರೀಕ್ಷಿಸೋಣ. ಡಾಲರ್ 86 ರೂಪಾಯಿ ಎಂದಿಟ್ಟುಕೊಂಡರೆ, ಬ್ಯಾರೆಲ್ 10 ಡಾಲರ್ ಇಳಿದಾಗ ಲೀಟರ್‌ಗೆ ಸುಮಾರು 5 ರೂಪಾಯಿ 40 ಪೈಸೆ ಇಳಿಯಬೇಕು. ರಾಜ್ಯದ ತೆರಿಗೆಯೂ ಅದಕ್ಕೆ ತಕ್ಕಂತೆ ತಗ್ಗುವುದರಿಂದ ಒಟ್ಟು ಆರೂವರೆ ರೂಪಾಯಿ. 20 ರೂಪಾಯಿ ಇಳಿಯಬೇಕಾದರೆ ಬ್ಯಾರೆಲ್ 30 ಡಾಲರ್ ಬೀಳಬೇಕು, ಅಂದರೆ 70 ಇದ್ದದ್ದು 40ಕ್ಕೆ ಬರಬೇಕು. ತೆರಿಗೆಯನ್ನು ಯಾರೂ ಏರಿಸಬಾರದು, ರೂಪಾಯಿ ಕದಲಬಾರದು, ಕಂಪನಿಗಳು ಪೂರ್ತಿ ಇಳಿಕೆಯನ್ನು ನಿಮಗೇ ಕೊಡಬೇಕು. ಇಷ್ಟೆಲ್ಲ ಕೂಡಿ ಬಂದರೂ 40 ಡಾಲರ್‌ನಲ್ಲಿ ಹೊಸ ಶೇಲ್ ಬಾವಿ ಕೊರೆಯುವವರು ಯಾರೂ ಇರುವುದಿಲ್ಲ. ಹಾಗಾಗಿ ಆ ದರ ಬಂದರೂ ನಿಲ್ಲುವುದಿಲ್ಲ. ಎರಡು, ಮೂರು, ಐದು ರೂಪಾಯಿಯ ಇಳಿಕೆ ಸಾಧ್ಯ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲಾರಿಯ ಸಾಲದ ಕಂತನ್ನು 20 ರೂಪಾಯಿಯ ಮೇಲೆ ಕಟ್ಟಬೇಡಿ.

ಇನ್ನು ಲಾರಿ. ಸಿಎನ್‌ಜಿಗೆ ಹೋದರೆ ಕೊಲ್ಲಿಯ ಬೆಲೆಯಿಂದ ಪಾರಾಗುತ್ತೇವೆ ಎಂದು ಹಿರಿಯರು ಭಾವಿಸಿದಂತಿದೆ. ದಾಭೋಲ್-ಬೆಂಗಳೂರು ಅನಿಲ ಕೊಳವೆ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಮಾರ್ಗವಾಗಿ ಹೋಗುವುದರಿಂದ ನಿಮ್ಮ ಕಡೆ ಸಿಎನ್‌ಜಿ ಸಿಗುತ್ತದೆ ಎನ್ನುವುದು ಅನುಕೂಲವೇ. ಆದರೆ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಆಮದು, ಅದೂ ಎಲ್‌ಎನ್‌ಜಿ ರೂಪದಲ್ಲಿ. ಅಗ್ಗದ ದೇಶೀಯ ಅನಿಲವನ್ನು ಸಿಎನ್‌ಜಿಗೆ ಹಂಚುವ ಪ್ರಮಾಣವನ್ನು ಸರ್ಕಾರ 2024ರ ಅಕ್ಟೋಬರ್-ನವೆಂಬರ್‌ನಲ್ಲಿ ಕಡಿತ ಮಾಡಿ, ಆಮೇಲೆ ಒಂದಿಷ್ಟು ಮರಳಿಸಿತು. ಆ ಕೊರತೆಯನ್ನು ವಿತರಕರು ದುಬಾರಿ ಅನಿಲದಿಂದ ತುಂಬುತ್ತಾರೆ. ಎಲ್‌ಎನ್‌ಜಿ ಮಾರುಕಟ್ಟೆ ತೈಲಕ್ಕಿಂತ ಹೆಚ್ಚು ಚಂಚಲ. 2022ರಲ್ಲಿ ರಷ್ಯಾದ ಅನಿಲ ನಿಂತಾಗ ಯುರೋಪ್ ಹೆಚ್ಚು ಹಣ ಕೊಟ್ಟು ಹಡಗುಗಳನ್ನು ತನ್ನತ್ತ ತಿರುಗಿಸಿಕೊಂಡಿತು. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಜನ ಕತ್ತಲೆಯಲ್ಲಿ ಕುಳಿತರು. 2023ರಲ್ಲಿ ಅಮೆರಿಕವೇ ಅತಿದೊಡ್ಡ ಎಲ್‌ಎನ್‌ಜಿ ರಫ್ತು ದೇಶವಾಯಿತು, ಇನ್ನೂ ಹೊಸ ಘಟಕಗಳು ಬರುತ್ತಿವೆ. ಅನಿಲದ ಪೂರೈಕೆ ಸುಧಾರಿಸುತ್ತದೆ ಎಂದು ನಾನು ನಂಬುತ್ತೇನೆ. ಆದರೂ ನಾಮಕ್ಕಲ್‌ಗೆ ಹೋಗುವ ಭಾರದ ಲಾರಿಗೆ ಅದು ಈಗ ಬೇಡ. ಸಿಲಿಂಡರ್‌ಗಳ ತೂಕ ಲೋಡನ್ನು ತಿನ್ನುತ್ತದೆ, ದಾರಿಯಲ್ಲಿ ಬಂಕ್ ಹುಡುಕಿ ಸರದಿಯಲ್ಲಿ ನಿಂತ ಸಮಯಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ. ದಾವಣಗೆರೆ, ಹರಿಹರ, ರಾಣೆಬೆನ್ನೂರು ನಡುವೆ ಮಾಲು ಸಾಗಿಸುವ ಸಣ್ಣ ವಾಹನ ಕೊಳ್ಳುವ ಯೋಚನೆ ಇದ್ದರೆ ಸಿಎನ್‌ಜಿ ಚೆನ್ನ. ಸಂಜೆ ಮನೆಗೇ ಮರಳುವ ಓಟವಾದರೆ ವಿದ್ಯುತ್ ವಾಹನವನ್ನೂ ನೋಡಬಹುದು. ದೂರದ ಓಟಕ್ಕೆ ವಿದ್ಯುತ್ ಲಾರಿಯ ಬೆಲೆ ಮತ್ತು ಚಾರ್ಜಿಂಗ್ ವ್ಯವಸ್ಥೆ ಇನ್ನೂ ಮೂರು ಲಾರಿಯ ಮಾಲೀಕರ ಕೈಗೆಟುಕುವಂತಿಲ್ಲ.

ನೀವು ಹೊರುವ ಮೆಕ್ಕೆಜೋಳದಲ್ಲಿ ಈಗ ಒಂದು ಪಾಲು ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ. ಅದರಿಂದ ನಿಮಗೆ ಲೋಡು ಹೆಚ್ಚಬಹುದು. ಆದರೆ ಎಥೆನಾಲ್ ಬೆರೆಯುವುದು ಪೆಟ್ರೋಲ್‌ಗೆ; ಡೀಸೆಲ್ ದರಕ್ಕೆ ಅದರಿಂದ ನೆರವಿಲ್ಲ.

ಹೀಗಾಗಿ ಹಳೆಯ ಲಾರಿಗೆ ಬದಲು ಬಿಎಸ್-6 ಡೀಸೆಲ್ ಲಾರಿಯನ್ನೇ ತೆಗೆದುಕೊಳ್ಳಿ, ಆದರೆ ಮೈಲೇಜ್ ನೋಡಿ ತೆಗೆದುಕೊಳ್ಳಿ. ಲೀಟರ್‌ಗೆ ಅರ್ಧ ಕಿಲೋಮೀಟರ್ ಹೆಚ್ಚು ಓಡಿದರೆ ಅದು ಪ್ರತಿ ಟ್ರಿಪ್‌ನಲ್ಲೂ ಖಚಿತವಾಗಿ ಕೈಗೆ ಬರುವ ಹಣ. ಅದಕ್ಕೆ ಯಾವ ದೇಶದ ಕೃಪೆಯೂ ಬೇಕಿಲ್ಲ. ಇದರಲ್ಲಿ ಅಪಾಯ ಇಲ್ಲದಿಲ್ಲ. ಯುದ್ಧವಾಗಿ ಕೊಲ್ಲಿಯ ದಾರಿ ಕಟ್ಟಿದರೆ ಬೆಲೆ ತಿಂಗಳುಗಟ್ಟಲೆ ಮೇಲೆ ನಿಲ್ಲಬಹುದು. ಅಂಥ ದಿನಕ್ಕೆಂದು ದೇಶ ನೆಲದಡಿ ಬಂಡೆ ಕೊರೆದು ಸಂಗ್ರಹಿಸುವ ಸಾಮರ್ಥ್ಯ 53.3 ಲಕ್ಷ ಟನ್. ಅದರಲ್ಲಿ ಮಂಗಳೂರಿನದು 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ, ಉಳಿದದ್ದು ವಿಶಾಖಪಟ್ಟಣ. ದೇಶದ ಇಂಥ ಮುಕ್ಕಾಲು ಭಾಗ ಉಗ್ರಾಣ ನಮ್ಮ ಕರಾವಳಿಯಲ್ಲೇ ಇದೆ. ಪೂರ್ತಿ ತುಂಬಿದರೂ ಇಡೀ ದೇಶಕ್ಕೆ ಒಂಬತ್ತು-ಹತ್ತು ದಿನ ಸಾಲುತ್ತದೆ. ಕಂಪನಿಗಳ ಸ್ವಂತ ದಾಸ್ತಾನು ಅದಕ್ಕೆ ಹೊರತು. ಬಂಕ್ ಬರಿದಾಗದಂತೆ ತಡೆಯಲು ಅದು ನೆರವಾಗುತ್ತದೆ, ದರ ಏರದಂತೆ ತಡೆಯಲಾರದು.

ಕೊನೆಗೆ ಕರಾರು. ಬೆಲೆ ಏರಿದರೆ ಪೂರ್ತಿ ನಷ್ಟ ನಿಮ್ಮದು, ಇಳಿದರೆ ಲಾಭ ನಿಮ್ಮದು ಎನ್ನುವುದು ಕೇಳಲು ಸಮನಾಗಿ ಕಾಣುತ್ತದೆ. ಆದರೆ ಮೇಲಿನ ಲೆಕ್ಕ ಹೇಳುವಂತೆ, ನಮ್ಮ ಬಂಕ್‌ನಲ್ಲಿ ಇಳಿಕೆ ಸಣ್ಣದು ಮತ್ತು ತಡ. ಏರಿಕೆಗೆ ಅಂಥ ಮಿತಿಯಿಲ್ಲ. ದೂರದ ಓಟದ ಖರ್ಚಿನಲ್ಲಿ ಅರ್ಧದ ಹತ್ತಿರ ಡೀಸೆಲ್ ಒಂದೇ. ಅದನ್ನು ವರ್ಷಪೂರ್ತಿ ಒಂದೇ ದರಕ್ಕೆ ಕಟ್ಟಿಹಾಕುವುದು ಮೂರು ಲಾರಿಯ ಮಾಲೀಕರಿಗೆ ಬಹಳ ದೊಡ್ಡ ಜೂಜು. ಕಂಪನಿಯವರ ಮುಂದೆ ಇದನ್ನಿಡಿ: ಸಹಿ ಹಾಕಿದ ದಿನದ ದಾವಣಗೆರೆಯ ಡೀಸೆಲ್ ದರವನ್ನು ಕರಾರಿನಲ್ಲಿ ಬರೆಯಬೇಕು. ಪ್ರತಿ ತಿಂಗಳ ಮೊದಲ ದಿನದ ದರ ಅದಕ್ಕಿಂತ ಶೇ. 3ಕ್ಕೂ ಹೆಚ್ಚು ಏರಿದ್ದರೆ ಅಥವಾ ಇಳಿದಿದ್ದರೆ, ಆ ಬದಲಾವಣೆಯ ಅರ್ಧದಷ್ಟು ಶೇಕಡಾವಾರನ್ನು ಆ ತಿಂಗಳ ಬಾಡಿಗೆಗೆ ಕೂಡಿಸಬೇಕು ಅಥವಾ ಕಳೆಯಬೇಕು. ಉದಾಹರಣೆಗೆ ಡೀಸೆಲ್ ಶೇ. 8 ಏರಿದರೆ ಬಾಡಿಗೆ ಶೇ. 4 ಏರುತ್ತದೆ. ದೊಡ್ಡ ಸಾಗಣೆದಾರರು ಇಂಥ ಷರತ್ತು ಇಲ್ಲದೆ ದೀರ್ಘ ಕರಾರಿಗೆ ಒಪ್ಪುವುದು ಅಪರೂಪ, ಕೋಳಿ ಆಹಾರದ ಕಂಪನಿಗೂ ಇದು ಹೊಸದಾಗಿರಲಾರದು. ಇಳಿದಾಗ ಅವರಿಗೂ ಪಾಲು ಸಿಗುವುದರಿಂದ ಒಪ್ಪಿಸುವುದು ಕಷ್ಟವಾಗದು. ಒಪ್ಪದಿದ್ದರೆ ಕರಾರನ್ನು ಮೂರು ತಿಂಗಳಿಗೆ ಇಳಿಸಿ. ಅದಕ್ಕೂ ಒಪ್ಪದಿದ್ದರೆ ಒಂದೇ ಲಾರಿಯನ್ನು ಆ ಕರಾರಿಗೆ ಕೊಟ್ಟು ಉಳಿದೆರಡನ್ನು ದಿನದ ಬಾಡಿಗೆಗೆ ಓಡಿಸಿ.